ಟೀವಿ ರೆಕಾರ್ಡ್ ಮಾಡುವ ಮುನ್ನ ಬಾಕ್ಸಿನ ಗಡಿಯಾರ ನೋಡಿ

ಧಾರವಾಡದಲ್ಲಿ ನಮ್ಮ ಪಕ್ಕದ ಮನೆಯ ಕಾಕಾಗೆ ಹಿಂದೂಸ್ತಾನಿ ಸಂಗೀತ ಅಂದರೆ ಪ್ರಾಣ. ಚಂದನದಲ್ಲಿ ರಾತ್ರಿ 8ಕ್ಕೆ ಬರುವ ಕಛೇರಿಗೆ ಟೈಮರ್ ಇಟ್ಟು ಊರಿಗೆ ಹೋದರು. ಬಂದು ನೋಡಿದರೆ ಪೆನ್‌ಡ್ರೈವ್ ತುಂಬ ಬೇರೆಯದೇ ಕಾರ್ಯಕ್ರಮ. ‘ಕಛೇರಿ ಎಲ್ಲಿ ಹೋತೋ ತಮ್ಮಾ?’ ಎಂದು ಕೇಳಿದಾಗ ಅವರ ಮುಖ ನೋಡಲಾಗಲಿಲ್ಲ. ಇದೇ ತಪ್ಪನ್ನು ನಮ್ಮ ಓಣಿಯಲ್ಲಿ ಇನ್ನೂ ಇಬ್ಬರು ಮಾಡಿದ್ದಾರೆ.

ದೂರದರ್ಶನದ ಫ್ರೀ ಡಿಶ್ ಬಾಕ್ಸಿನ ಯುಎಸ್‌ಬಿ ಕಿಂಡಿಗೆ ಪೆನ್‌ಡ್ರೈವ್ ಚುಚ್ಚಿ, ಮೆನುವಿನಲ್ಲಿ ಫಾರ್ಮ್ಯಾಟ್ ಮಾಡಿ. ಅದರಲ್ಲಿರುವ ಮದುವೆ ಫೋಟೊಗಳೆಲ್ಲ ಅಳಿಸಿಹೋಗುತ್ತವೆ, ಮೊದಲೇ ತೆಗೆದಿಡಿ. ಕಡಿಮೆ ರೇಟಿಗೆ ‘1 ಟಿಬಿ’ ಎಂದು ಮಾರುವ ಪೆನ್‌ಡ್ರೈವ್ ಮಾತ್ರ ಬೇಡವೇ ಬೇಡ. ಒಳಗೆ ಇರುವುದು ಎಷ್ಟೋ ಕಡಿಮೆ ಜಾಗ. ತುಂಬಿದ ಮೇಲೆ ಬರೆದದ್ದೆಲ್ಲ ಹಾಳು. ಒಳ್ಳೆಯ ಅಂಗಡಿಯಲ್ಲಿ ಬಿಲ್ ಪಡೆದು 64 ಜಿಬಿಯದು ಕೊಳ್ಳಿ, ಸಾಕು.

ಹಾರ್ಡ್ ಡಿಸ್ಕ್ ಹಾಕುವವರು ಕಿವಿಗೊಟ್ಟು ಕೇಳಿ. ‘ಟಕ್ ಟಕ್’ ಸದ್ದು ಬಂದರೆ ಅದಕ್ಕೆ ಕರೆಂಟ್ ಸಾಲದೆ ಇರಬಹುದು. ಹಳೆಯ ಯುಎಸ್‌ಬಿ 2.0 ಕಿಂಡಿ ಕೊಡಬೇಕಾದದ್ದೇ 500 ಮಿಲಿ ಆಂಪಿಯರ್. ಬೇರೆ ಅಡಾಪ್ಟರ್ ಇರುವ ಡಿಸ್ಕ್ ತನ್ನಿ.

ಈಗ ಗಡಿಯಾರ. ಎಲ್ಲರೂ ಎಡವುವುದು ಇಲ್ಲೇ. ಬಾಕ್ಸು ಉಪಗ್ರಹದಿಂದ ಪಡೆಯುವುದು ಗ್ರೀನ್‌ವಿಚ್ ಸಮಯ. ನಮ್ಮದು ಅದಕ್ಕಿಂತ 5 ಗಂಟೆ 30 ನಿಮಿಷ ಮುಂದೆ. ಮೆನುವಿನ ಟೈಮ್ ಜೋನ್‌ನಲ್ಲಿ ಸೊನ್ನೆ ಇದ್ದರೆ, ರಾತ್ರಿ 8ಕ್ಕೆ ಇಟ್ಟ ಟೈಮರ್ ನಡುರಾತ್ರಿ ದಾಟಿ 1.30ಕ್ಕೆ ಶುರುವಾಗುತ್ತದೆ. ಕಾಕಾ ಬಾಕ್ಸಿನಲ್ಲಿ ಆಗಿದ್ದೂ ಇದೇ. ಅಲ್ಲಿ +5:30 ಎಂದು ಇಡಿ. ಆಮೇಲೆ ಪರದೆಯ ಮೇಲಿನ ಸಮಯವನ್ನು ಮೊಬೈಲ್ ಜೊತೆ ತಾಳೆ ನೋಡಿ. ಟೈಮರಿನಲ್ಲಿ ‘ಒಮ್ಮೆ’, ‘ದಿನಾಲೂ’ ಎಂಬ ಆಯ್ಕೆ ಇರುತ್ತದೆ. ‘ರೆಕಾರ್ಡ್’ ಎಂದು ಆರಿಸದಿದ್ದರೆ ಬಾಕ್ಸು ಸುಮ್ನೆ ಚಾನೆಲ್ ಬದಲಿಸಿ ಕೂರುತ್ತದೆ, ಅಷ್ಟೇ. 5 ನಿಮಿಷ ಮೊದಲೇ ಶುರುವಾಗಲಿ, ಮುಗಿಯುವ ಹೊತ್ತಿಗೆ 15 ನಿಮಿಷ ಜಾಸ್ತಿ ಇಡಿ. ಖಯಾಲ್ ಹಾಡಿಕೆಯ ಮೊದಲ ಸ್ವರವೇ ತಪ್ಪಿದರೆ ಏನು ಕೇಳಿದ ಹಾಗಾಯಿತು, ಅಲ್ವಾ? ಕ್ರಿಕೆಟ್‌ಗಾದರೆ ಇನ್ನೂ ಒಂದು ಗಂಟೆ ಸೇರಿಸಿ.

ಟೀವಿ ಆರಿಸಿ, ಬಾಕ್ಸನ್ನು ರಿಮೋಟಿನಿಂದಷ್ಟೇ ಮಲಗಿಸಿ (ಸ್ಟ್ಯಾಂಡ್‌ಬೈ). ಗೋಡೆಯ ಸ್ವಿಚ್ ಆರಿಸಿದರೆ ಟೈಮರ್ ಏಳುವುದೇ ಇಲ್ಲ. ನಾನಂತೂ ಸ್ವಿಚ್ ಮೇಲೆ ಚೀಟಿ ಅಂಟಿಸಿದ್ದೇನೆ. ಇನ್ವರ್ಟರ್ ಇದ್ದರೆ ಬಾಕ್ಸನ್ನು ಆ ಲೈನಿಗೇ ಕೊಡಿ.

ಉದ್ದದ ರೆಕಾರ್ಡಿಂಗ್ ನಡುವೆ ತುಂಡಾಗುತ್ತಿದೆಯೇ? ಫ್ಯಾಟ್32 ಫಾರ್ಮ್ಯಾಟ್‌ನಲ್ಲಿ ಒಂದು ಫೈಲು 4 ಜಿಬಿ ದಾಟುವಂತಿಲ್ಲ. ಬಾಕ್ಸು ಒಪ್ಪಿದರೆ ಎನ್‌ಟಿಎಫ್‌ಎಸ್ ಎಂಬ ಇನ್ನೊಂದು ಫಾರ್ಮ್ಯಾಟ್‌ಗೆ ಬದಲಿಸಿ. ದುಡ್ಡು ಕಟ್ಟಿ ನೋಡುವ ಡಿಟಿಎಚ್ ಬಾಕ್ಸಿನ ರೆಕಾರ್ಡಿಂಗು ಸಾಮಾನ್ಯವಾಗಿ ಆ ಬಾಕ್ಸಿನಲ್ಲಷ್ಟೇ ತೆರೆಯುತ್ತದೆ. ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಡ್ರೈವ್ ಕೆಟ್ಟಿದೆ ಎಂದುಕೊಳ್ಳಬೇಡಿ.

ಚಿತ್ರ ಚೌಕ ಚೌಕವಾಗಿ ಒಡೆದರೆ ತಾರಸಿ ಹತ್ತಿ. ಜೋರು ಮಳೆಯಾದರೆ ನಿಲ್ಲುವವರೆಗೆ ಕಾಯಲೇಬೇಕು. ಮಂಗ್ಯಾಗಳು ಡಿಶ್ ಹಿಡಿದು ಜೋತುಬಿದ್ದಿದ್ದರೆ ಅದು ಸರಿದಿರುತ್ತದೆ. ಫ್ರೀ ಡಿಶ್‌ನ ಜಿಸ್ಯಾಟ್-15 ಉಪಗ್ರಹ ನಮ್ಮೂರಿನಿಂದ ಆಗ್ನೇಯಕ್ಕಿದೆ. ಕೆಳಗೆ ಒಬ್ಬರು ಸಿಗ್ನಲ್ ಪಟ್ಟಿ ನೋಡುತ್ತ ಕೂಗಿ ಹೇಳಲಿ, ಮೇಲೆ ನೀವು ಕೂದಲೆಳೆಯಷ್ಟೇ ಸರಿಸಿ, ನಟ್ಟು ಬಿಗಿ ಮಾಡಿ.