ಅವರಿಗೆ ‘ನೀವು’, ಅವಳಿಗೆ ‘ನೀನು’: ಡಬ್ಬಿಂಗ್ ಬರೆಯುತ್ತಾ ಕಂಡದ್ದು

ಅಂಧೇರಿ ಪಶ್ಚಿಮದ ಒಂದು ಸ್ಟುಡಿಯೊದಲ್ಲಿ ನನ್ನ ಮೊದಲ ಕನ್ನಡ ಸ್ಕ್ರಿಪ್ಟಿನ ರೆಕಾರ್ಡಿಂಗ್ ನಡೀತಿತ್ತು. ಧಾರವಾಡ ಕಡೆಯ ಹಿರಿಯ ಕಲಾವಿದರೊಬ್ಬರು ಹೆಡ್‌ಫೋನ್ ಸರಿಸಿ ಕೇಳಿದರು: “ಅಲ್ರೀ ಮೇಡಂ, ಈಕಿ ಇವನ ಸಾಹೇಬ್ರಲ್ಲೇನು? ಸಾಹೇಬ್ರಿಗೆ ‘ನೀ ಸುಮ್ನಿರು’ ಅಂದ್ರ ನೌಕರಿ ಉಳೀತದೇನ್ರೀ?”

ಅದು ಅಮೆರಿಕದ ಪೊಲೀಸ್ ಸರಣಿ. ಮೊದಲ ಕಂತಿನಲ್ಲಿ ಠಾಣೆಯ ಮುಖ್ಯಸ್ಥ ಗಂಡಸು, ಎರಡನೆಯದರಲ್ಲಿ ಅದೇ ಕುರ್ಚಿಗೆ ಹೆಂಗಸು ಬರುತ್ತಾಳೆ. ನೋಡಿ, ಈಗಲೂ ‘ಬರುತ್ತಾಳೆ’ ಅಂತಲೇ ಬರೆದೆ. ಕೈ ಕೆಳಗಿನ ಹುಡುಗ ಇಬ್ಬರಿಗೂ ಕೇಳೋದು ಒಂದೇ ಮಾತು: ವಾಟ್ ಡು ಯು ಥಿಂಕ್. ನಾನು ಅವರಿಗೆ “ನೀವೇನಂತೀರಿ?” ಅಂತಲೂ ಇವಳಿಗೆ “ನೀನೇನಂತೀಯ?” ಅಂತಲೂ ಬರೆದಿದ್ದೆ. ಯಾರೂ ಹೇಳಿಕೊಟ್ಟಿದ್ದಲ್ಲ, ಕೈ ತಾನಾಗಿ ಹಾಗೆ ಓಡಿತ್ತು. ಸ್ಕ್ರಿಪ್ಟ್ ತೆಗೆದು ನೋಡಿದರೆ ಐವತ್ತೆರಡು ಕಡೆ ಅದೇ ಕಥೆ. ಡೊಂಬಿವ್ಲಿಗೆ ವಾಪಸ್ ಹೋಗುವ ಲೋಕಲ್‌ನಲ್ಲಿ ನಿಂತುಕೊಂಡೇ ತಿದ್ದಿದೆ.

ಕನ್ನಡದಲ್ಲಿ ಡಬ್ಬಿಂಗ್‌ಗೆ ದಶಕಗಳ ಕಾಲ ಅಘೋಷಿತ ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು, 2020ರ ಲಾಕ್‌ಡೌನ್‌ನಲ್ಲಿ ಡಬ್ ಆದ ಧಾರಾವಾಹಿಗಳು ಟಿವಿಗೆ ಬಂದವು. ಆಮೇಲೆ ಮುಂಬೈನಲ್ಲಿ ಕನ್ನಡ ಬರೆಯಬಲ್ಲವರನ್ನು ಹುಡುಕತೊಡಗಿದರು. ಜಾಹೀರಾತು ಅನುವಾದ ಮಾಡಿಕೊಂಡಿದ್ದ ನನಗೆ ಕೆಲಸ ಸಿಕ್ಕಿದ್ದು ಹಾಗೆ. ಹಿಂದಿಯವರಿಗಿದ್ದಂಥ ಹಳೆಯ ಮಾದರಿ ನಮಗಿರಲಿಲ್ಲ. ಅವರಿಗೆ ಇನ್ನೊಂದು ಅನುಕೂಲವೂ ಇದೆ: ‘ತೂ’ಗೂ ‘ಆಪ್’ಗೂ ನಡುವೆ ‘ತುಮ್’ ಕೂತಿದೆ. ಗಂಡ ಹೆಂಡತಿ ಇಬ್ಬರ ಬಾಯಲ್ಲೂ ‘ತುಮ್’ ಹಾಕಿ ಕೈ ತೊಳೆದುಕೊಳ್ಳಬಹುದು. ನಮಗೆ ಮಧ್ಯದ ಮೆಟ್ಟಿಲೇ ಇಲ್ಲ.

ಲಿಪ್ ಸಿಂಕ್ ಮೇಲೆ ತಪ್ಪು ಹೊರಿಸೋಣ ಅಂದರೆ ಅದಕ್ಕೂ ದಾರಿಯಿಲ್ಲ. ‘ಯೂ’ ಅನ್ನುವಾಗ ತುಟಿ ದುಂಡಗಾಗುತ್ತದೆ, ‘ನೀನು’ ‘ನೀವು’ ಎರಡೂ ಅದೇ ದುಂಡು ತುಟಿಯಲ್ಲಿ ಮುಗಿಯುತ್ತವೆ. ‘ಹೋಗ್ತೀಯ’, ‘ಹೋಗ್ತೀರ’ ಎರಡರ ಉದ್ದವೂ ಒಂದೇ.

ಅಂದಿನಿಂದ ಸರಣಿ ಶುರು ಮಾಡುವ ಮೊದಲು ಒಂದು ಹಾಳೆಯಲ್ಲಿ ಪಾತ್ರಗಳ ಹೆಸರು ಬರೆದು, ಯಾರು ಯಾರಿಗೆ ಏನಂತಾರೆ, ಯಾವ ಕಂತಿನಿಂದ ಬದಲಾಗುತ್ತೆ ಅಂತ ಬಾಣ ಎಳೆಯುತ್ತೇನೆ. ಬಾಣ ಎಳೆಯುವಾಗ ಹೆಸರಿನ ಜಾಗದಲ್ಲಿ ಹುದ್ದೆ, ವಯಸ್ಸು ಮಾತ್ರ ಇಟ್ಟುಕೊಳ್ಳುತ್ತೇನೆ. ‘ನಲವತ್ತೆಂಟರ ಸರ್ಜನ್’ ಅಂತ ಬರೆದಿದ್ದರೆ ಕೈ ‘ನೀವು’ ಕಡೆಗೇ ಹೋಗುತ್ತದೆ.

ಕೊರಿಯನ್ ಸರಣಿಗಳು ಬೇರೆ ಥರ ಕಾಡುತ್ತವೆ. ನಮಗೆ ಬರೋದು ಇಂಗ್ಲಿಷ್ ಸ್ಕ್ರಿಪ್ಟ್, ಅದರಲ್ಲಿ ಎಲ್ಲರೂ ‘ಯೂ’. ಮೂಲದಲ್ಲಿ ಹಾಗಿಲ್ಲ. ಗೌರವದ ಮಾತಿಗೆ ಜೊಂದೆನ್ಮಾಲ್, ಸಲಿಗೆಯದಕ್ಕೆ ಬಾನ್ಮಾಲ್. ಭಾಷೆ ಬಾರದಿದ್ದರೂ ಒಂದು ಸುಳಿವು ಹಿಡಿದೆ: ವಾಕ್ಯದ ಕೊನೆಗೆ ‘ಯೊ’ ಕೇಳಿಸಿದರೆ ಸಾಮಾನ್ಯವಾಗಿ ಅದು ಮರ್ಯಾದೆಯ ಮಾತು. ಹಾಗೆ ಕಿವಿ ಕೊಟ್ಟು ಕೂತಾಗ, ನಾನು ಮಾಡಿದ ಎಷ್ಟೋ ಸರಣಿಗಳಲ್ಲಿ ಹೆಂಡತಿಯ ಮಾತಿನ ತುದಿಯಲ್ಲಿ ‘ಯೊ’ ಇರುತ್ತಿತ್ತು, ಗಂಡನ ಮಾತಿನಲ್ಲಿ ಇರುತ್ತಿರಲಿಲ್ಲ. ಆ ಹೆಂಡತಿಗೆ ‘ರೀ’ ಕೊಟ್ಟರೆ ಮೂಲಕ್ಕೆ ನಿಷ್ಠೆ, ಅಷ್ಟೇ. ಆದರೆ ಅಮೆರಿಕದ ಹೆಂಡತಿಗೆ ‘ರೀ’ ಕೊಟ್ಟರೆ ಅದು ಪೂರ್ತಿ ನನ್ನ ಕೊಡುಗೆ. ‘ಒಪ್ಪಾ’ದ ಗೋಳು ಕೇಳಲೇಬೇಡಿ. ಹುಡುಗಿ ಅಣ್ಣನಿಗೂ ಅದೇ ಅಂತಾಳೆ, ಪ್ರಿಯಕರನಿಗೂ ಅದೇ. ಕನ್ನಡದಲ್ಲಿ ಪ್ರಿಯಕರನನ್ನು ‘ಅಣ್ಣ’ ಅನ್ನಿಸಿದರೆ ಕಥೆ ಅಲ್ಲಿಗೇ ಮುಗೀತು. ಹಾಗೇ ‘ಒಪ್ಪಾ’ ಅಂತ ಬಿಡುತ್ತೇನೆ, ಹುಡುಗಿಯರಿಗೆ ಗೊತ್ತು.

ದನಿ ಆರಿಸುವ ಹೊತ್ತಿನಲ್ಲೂ ಜಗಳ ಇದ್ದದ್ದೇ. ನಾಯಕಿಗೆ ‘ಸ್ವೀಟ್’ ದನಿ ಬೇಕು, ನಲವತ್ತು ದಾಟಿದ ತಾಯಿ ಪಾತ್ರಕ್ಕೆ ನಡುಗುವ ದನಿ ಬೇಕು. ಐವತ್ತೈದರ ನಾಯಕನಿಗೆ ಮಾತ್ರ ಮೂವತ್ತರ ಗಟ್ಟಿ ಗಂಟಲು. ಇದರಲ್ಲಿ ಪೂರ್ವ ಪಶ್ಚಿಮ ಭೇದ ನನಗೇನೂ ಕಂಡಿಲ್ಲ. 1957ರ ‘ಮದರ್ ಇಂಡಿಯಾ’ದಲ್ಲಿ ಸುನಿಲ್ ದತ್‌ಗೆ ತಾಯಿಯಾದ ನರ್ಗಿಸ್, ಅವರು ಹುಟ್ಟಿದ 1929ರ ಜೂನ್‌ನಲ್ಲೇ ಹುಟ್ಟಿದವರು. ಮರುವರ್ಷ ಇಬ್ಬರೂ ಮದುವೆಯಾದರು. 1967ರ ಹಾಲಿವುಡ್ ಚಿತ್ರ ‘ದಿ ಗ್ರ್ಯಾಜುಯೇಟ್’ನಲ್ಲಿ ಡಸ್ಟಿನ್ ಹಾಫ್‌ಮನ್ ಎದುರು ಒಂದು ತಲೆಮಾರು ದೊಡ್ಡವಳಾಗಿ ನಿಂತ ಆನ್ ಬ್ಯಾಂಕ್ರಾಫ್ಟ್ ನಿಜದಲ್ಲಿ ಬರೀ ಆರು ವರ್ಷ ದೊಡ್ಡವರು.

ಹಾಳೆ, ಬಾಣ ಎಲ್ಲ ಸರಿ, ಅದನ್ನು ಒಪ್ಪುವವರು ಬೇರೆ ಇದ್ದಾರಲ್ಲ. ನ್ಯೂಯಾರ್ಕಿನ ಒಂದು ಜೋಡಿಗೆ ಇಬ್ಬರಿಗೂ ‘ನೀನು’ ಬರೆದು ಕಳಿಸಿದೆ. ಗಂಡನಿಗೆ ಹೆಂಡತಿ ಏಕವಚನ ಹಾಕಿದರೆ ಸೊಕ್ಕಿನವಳ ಹಾಗೆ ಕೇಳಿಸುತ್ತೆ ಅಂತ ಟಿಪ್ಪಣಿ ಬಂತು. ಗಂಡನ ‘ನೀನು’ ಬಗ್ಗೆ ಚಕಾರ ಇಲ್ಲ. ವಾದ ಮಾಡಿದೆ, ಸೋತೆ. ಆಮೇಲೆ ಕಳ್ಳದಾರಿ ಹುಡುಕಿಕೊಂಡೆ: ಕರ್ತೃವೇ ಇಲ್ಲದ ವಾಕ್ಯ. “ಊಟ ಆಯ್ತಾ?”, “ಬರೋದು ಲೇಟಾಗುತ್ತಾ?”, “ಇದೆಲ್ಲ ಬೇಕಿತ್ತಾ?” ಯಾರು ಮೇಲೆ, ಯಾರು ಕೆಳಗೆ ಅಂತ ಕ್ರಿಯಾಪದ ಹೇಳೋದೇ ಇಲ್ಲ. ಇಡೀ ಒಂದು ಸೀಸನ್ ಅವಳ ಬಾಯಲ್ಲಿ ‘ನೀವು’ ಬಾರದ ಹಾಗೆ ದಾಟಿಸಿದ್ದೇನೆ, ಯಾರಿಗೂ ಗೊತ್ತಾಗಿಲ್ಲ.

ಅಮ್ಮನ ಹತ್ತಿರ ಇದನ್ನೆಲ್ಲ ಜಂಬದಿಂದ ಹೇಳ್ತಿದ್ದೆ. ಮನೆಯಲ್ಲಿ ನಮ್ಮದು ತುಳು. “ನೀನು ನನಗೆ ‘ಈ’ ಅಂತೀ, ಅಪ್ಪನಿಗೆ ‘ಈರ್’ ಅಂತೀ. ಮೊದಲು ಅದನ್ನು ತಿದ್ದು,” ಅಂದರು ಪಾತ್ರೆ ತೊಳೀತಾ. ತಿದ್ದಲು ಹೋದರೆ ನಾಲಗೆಯೇ ಏಳಲಿಲ್ಲ.

ಕಳೆದ ತಿಂಗಳ ಸರಣಿಯಲ್ಲಿ ಗಂಡನ ಮೋಸ ಗೊತ್ತಾಗುವ ದೃಶ್ಯ. ಅಲ್ಲಿಯವರೆಗೆ ‘ನೀವು’ ಅನ್ನುತ್ತಿದ್ದವಳ ಬಾಯಲ್ಲಿ “ನೀನು ಮನುಷ್ಯನಾ?” ಬರೆದೆ. ಒಂದು ಟಿಪ್ಪಣಿಯೂ ಇಲ್ಲದೆ ಪಾಸಾಯಿತು. ಮುಂದಿನ ಕಂತಿನಲ್ಲಿ ಇಬ್ಬರೂ ರಾಜಿಯಾಗುತ್ತಾರೆ. ಅಲ್ಲೂ ಅವಳ ‘ನೀನು’ ಹಾಗೇ ಇಟ್ಟು ಕಳಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.