ಗ್ಯಾಸ್ ಗ್ರಿಲ್‌ಗೆ ಪಕ್ಕದ ಒಲೆ ಬೇಕೇ?

ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಸುತ್ತಮುತ್ತ ಈಗ ಅನೇಕ ತೋಟದ ಮನೆಗಳ ಅಂಗಳದಲ್ಲಿ ಗ್ಯಾಸ್ ಗ್ರಿಲ್, ಅಂದರೆ ಅನಿಲದ ಉರಿಯ ಮೇಲೆ ಕಂಬಿಗಳಲ್ಲಿ ಮಾಂಸ ಸುಡುವ ಒಲೆ, ಬಂದು ನಿಂತಿದೆ. ಕೊಳ್ಳಲು ಹೊರಟ ಮಕ್ಕಳು ನನ್ನನ್ನು ಕೇಳುವ ಮೊದಲ ಪ್ರಶ್ನೆ, ಬಲಬದಿಯ ಹಲಗೆಯಲ್ಲಿ ಇನ್ನೊಂದು ಸಣ್ಣ ಒಲೆ, ಅಂದರೆ ಸೈಡ್ ಬರ್ನರ್ ಇರುವ ಮಾದರಿಗೆ ಹೆಚ್ಚು ಹಣ ಕೊಡಬೇಕೇ ಎಂಬುದು. ಬೆಲೆಪಟ್ಟಿಯನ್ನು ನೋಡುವ ಮೊದಲು ನಿಮ್ಮ ಅಡುಗೆಮನೆಯ ಬಾಗಿಲಿಗೂ ಗ್ರಿಲ್ ನಿಲ್ಲುವ ಜಾಗಕ್ಕೂ ನಡುವೆ ಎಷ್ಟು ದೂರವಿದೆ ಎಂದು ನಡೆದು ನೋಡಿ. ನನ್ನ ಮಟ್ಟಿಗೆ ಈ ಪ್ರಶ್ನೆಯ ಮುಕ್ಕಾಲು ಪಾಲು ಉತ್ತರ ಅಲ್ಲಿಯೇ ಸಿಗುತ್ತದೆ.

ಹಿತ್ತಿಲ ಬಾಗಿಲು ತೆರೆದರೆ ಗ್ರಿಲ್, ಒಳಗೆ ಕಾಲಿಟ್ಟರೆ ಅಡುಗೆಮನೆ ಎಂಬಂತಿದ್ದರೆ ಪಕ್ಕದ ಒಲೆ ದಂಡ. ಒಳಗಿನ ಒಲೆಯ ಮೇಲೆ ಗಾಳಿಯ ಕಾಟವಿಲ್ಲ, ಕೈಗೆಟಕುವಲ್ಲಿ ಸಾಂಬಾರದ ಡಬ್ಬಿ ಇರುತ್ತದೆ, ಬೆಳಕೂ ಚೆನ್ನಾಗಿರುತ್ತದೆ. ಆದರೆ ನಮ್ಮ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಮನೆ ಹಿಂಬದಿಯಲ್ಲಿರುತ್ತದೆ, ಕಾಫಿ ಒಣಗಿಸುವ ಕಣ ಮುಂದಿರುತ್ತದೆ, ನೆಂಟರು ಬಂದಾಗ ಕೂರುವುದು, ಸುಡುವುದು, ತಿನ್ನುವುದು ಎಲ್ಲವೂ ಆ ಕಣದಲ್ಲಿಯೇ ನಡೆಯುತ್ತದೆ. ಅಂತಹ ಮನೆಯಲ್ಲಿ ಕತ್ತಲಾದ ಮೇಲೆ ಬಿಸಿ ಸಾರಿನ ಪಾತ್ರೆಯನ್ನು ಹಿಡಿದು ನಡುಮನೆ, ಜಗಲಿ, ಮೆಟ್ಟಿಲುಗಳನ್ನು ದಾಟಿ ಬರುವವರ ಕಷ್ಟವನ್ನು ನೆನೆದರೆ, ಆ ಒಲೆಗೆ ಕೊಟ್ಟ ಹಣ ಹೆಚ್ಚೆನಿಸುವುದಿಲ್ಲ.

ಇನ್ನೊಂದು ಕಾರಣವೂ ಉಂಟು. ಅಡುಗೆಮನೆಯೊಳಗೆ ಮಾಂಸ, ಮೀನು ಬೇಯಿಸದ ಮನೆಗಳಿವೆ. ಹಿರಿಯರಿಗಾಗಿ ವಾರದ ಕೆಲವು ದಿನ, ಇಲ್ಲವೇ ಶ್ರಾವಣದಲ್ಲಿ ಆ ನಿಯಮವನ್ನು ಪಾಲಿಸುವ ಮನೆಗಳೂ ಇವೆ. ಅಲ್ಲಿ ಕೋಳಿಯನ್ನು ಹೊರಗೆ ಸುಟ್ಟು, ಅದಕ್ಕೆ ಸೇರುವ ಗೊಜ್ಜನ್ನು ಮಾತ್ರ ಒಳಗೆ ಬೇಯಿಸುವುದು ಹೊಂದುವ ಮಾತಲ್ಲ. ಇಡೀ ಅಡುಗೆ ಹೊರಗೇ ಮುಗಿಯಬೇಕು, ಪಾತ್ರೆಯೂ ಹೊರಗೇ ಉಳಿಯಬೇಕು ಎನ್ನುವವರಿಗೆ ಈ ಒಲೆ ನಿಜವಾದ ಅನುಕೂಲ. ಮೀನು ಹುರಿದ ವಾಸನೆ ಮಳೆಗಾಲದಲ್ಲಿ ಮುಚ್ಚಿದ ಮನೆಯೊಳಗೆ ದಿನಗಟ್ಟಲೆ ಉಳಿಯುವುದನ್ನು ಬಲ್ಲವರೂ ಇದನ್ನು ಒಪ್ಪುತ್ತಾರೆ.

ಇನ್ನು ಅದರ ಶಕ್ತಿಯ ಮಾತು. ಸಾಮಾನ್ಯವಾಗಿ ಈ ಬರ್ನರ್ ಗಂಟೆಗೆ 10,000 ದಿಂದ 12,000 ಬಿಟಿಯು (ಶಾಖದ ಒಂದು ಅಳತೆ), ಅಂದರೆ ಸುಮಾರು 3 ರಿಂದ 3.5 ಕಿಲೋವಾಟ್ ಎಂದು ಬರೆದಿರುತ್ತಾರೆ. ಪೂರ್ಣ ಉರಿಯಲ್ಲಿ ಇದು ಗಂಟೆಗೆ ಸುಮಾರು ಕಾಲು ಕಿಲೋ ಅನಿಲವನ್ನು ಸುಡುತ್ತದೆ. ಅಂಕಿಯಲ್ಲಿ ಇದು ಅಡುಗೆಮನೆಯ ದೊಡ್ಡ ಒಲೆಗೆ ಕಡಿಮೆಯೇನಲ್ಲ, ಆದರೆ ಅಂಗಳದ ಗಾಳಿ ಆ ಲೆಕ್ಕವನ್ನು ಕೆಡಿಸುತ್ತದೆ. ಮುಳ್ಳಯ್ಯನಗಿರಿಯ ತಪ್ಪಲಿನಲ್ಲಿ ಡಿಸೆಂಬರ್ ಸಂಜೆ ಒಂದು ಪಾತ್ರೆ ನೀರಿಟ್ಟು ಬಗ್ಗಿ ನೋಡಿ: ಉರಿ ಪಾತ್ರೆಯ ತಳವನ್ನು ಬಿಟ್ಟು ಒಂದೇ ಬದಿಗೆ ಮಲಗಿರುತ್ತದೆ, ಆ ಬದಿಯಲ್ಲಿ ಮಾತ್ರ ಸಣ್ಣ ಗುಳ್ಳೆಗಳು ಏಳುತ್ತವೆ, ಎದುರು ಬದಿಯ ಹಿಡಿ ಬರಿಗೈಯಲ್ಲಿ ಮುಟ್ಟುವಷ್ಟು ತಣ್ಣಗಿರುತ್ತದೆ. ಆದ್ದರಿಂದ ಕೊಳ್ಳುವಾಗ ಒಲೆಯ ಮುಚ್ಚಳ ಹಿಂದಕ್ಕೆ ಮಡಚಿ ನೆಟ್ಟಗೆ ನಿಂತು ಗಾಳಿಗೆ ತಡೆಯಾಗುತ್ತದೆಯೇ, ಬರ್ನರ್ ಹಲಗೆಯ ಮಟ್ಟಕ್ಕಿಂತ ಸ್ವಲ್ಪ ತಗ್ಗಿನಲ್ಲಿದೆಯೇ ಎಂಬುದನ್ನು ನೋಡಿ. ಗ್ರಿಲ್ಲನ್ನು ಗೋಡೆಯ ಮರೆಗೆ ತಂದರೂ ಗೋಡೆಗೆ ತಾಗಿಸಬಾರದು. ಎಷ್ಟು ಅಂತರ ಬೇಕೆಂದು ಅದರ ಜೊತೆಗೆ ಬರುವ ಪುಸ್ತಿಕೆಯಲ್ಲಿ ಬರೆದಿರುತ್ತದೆ.

ಅದರ ಮೇಲೆ ಏನು ಮಾಡಬಹುದು ಎಂಬುದರಲ್ಲಿಯೂ ಅತಿಯಾಸೆ ಬೇಡ. ಸುಡುತ್ತಿರುವ ತುಂಡುಗಳಿಗೆ ಸವರಲು ಬೆಣ್ಣೆ, ಬೆಳ್ಳುಳ್ಳಿ, ಕಾಳುಮೆಣಸಿನ ಪುಡಿಯನ್ನು ಬೆಚ್ಚಗೆ ಇಟ್ಟುಕೊಳ್ಳುವುದು, ಈರುಳ್ಳಿ ಬಾಡಿಸುವುದು, ಗೊಜ್ಜನ್ನು ಗಟ್ಟಿಯಾಗಿಸುವುದು, ಒಗ್ಗರಣೆ ಹಾಕುವುದು, ಜೋಳದ ತೆನೆ ಬೇಯಿಸುವುದು, ಕೊನೆಗೆ ಎಲ್ಲರಿಗೂ ಕಾಫಿಗೆ ಹಾಲು ಕಾಯಿಸುವುದು ಇವಕ್ಕೆಲ್ಲ ಅದು ಸಾಕು. ಇಪ್ಪತ್ತು ಜನರ ಕಡುಬಿನ ಪಾತ್ರೆಗೆ, ಬಿರಿಯಾನಿಯ ಹಂಡೆಗೆ ಅದು ತಕ್ಕದ್ದಲ್ಲ. ಅಗ್ಗದ ಗ್ರಿಲ್‌ಗಳಲ್ಲಿ ಆ ಬದಿಯ ಹಲಗೆ ತೆಳುವಾದ ತಗಡು, ಎರಡು ಮೂರು ಬೋಲ್ಟಿನ ಮೇಲೆ ನಿಂತಿರುತ್ತದೆ. ಅಂಗಡಿಯಲ್ಲಿಯೇ ಅಂಗೈಯನ್ನು ಅದರ ತುದಿಗೆ ಊರಿ ಒತ್ತಿ ನೋಡಿ. ಬಾಗಿತೆಂದರೆ ಆ ಮಾದರಿ ಬೇಡವೆಂದು ತಿಳಿಯಿರಿ, ಏಕೆಂದರೆ ನಾಳೆ ಅದರ ಮೇಲೆ ಇರುವುದು ಕುದಿಯುವ ಪದಾರ್ಥ.

ಕರಿಯುವುದಕ್ಕೆ ಮಾತ್ರ ನಾನು ಒಪ್ಪಿಗೆ ಕೊಡುವುದಿಲ್ಲ. ಪಕ್ಕದಲ್ಲಿ ಮಾಂಸದ ಕೊಬ್ಬು ಬಿದ್ದು ಉರಿ ಮೇಲೇಳುತ್ತಿರುತ್ತದೆ, ಸುತ್ತ ಮಕ್ಕಳು ಓಡಾಡುತ್ತಿರುತ್ತಾರೆ, ಗ್ರಿಲ್‌ನ ಕಾಲಿಗೆ ಗಾಲಿಗಳಿರುತ್ತವೆ. ಅಂತಹ ಜಾಗದಲ್ಲಿ ಬಾಣಲೆ ತುಂಬ ಕಾದ ಎಣ್ಣೆ ಇರಬಾರದು. ಹಪ್ಪಳ, ಸಂಡಿಗೆಯನ್ನು ಮೊದಲೇ ಒಳಗೆ ಕರಿದು ತನ್ನಿ.

ಬೇಡವೆಂದು ತೀರ್ಮಾನಿಸಿದವರಿಗೆ ನಷ್ಟವೇನೂ ಇಲ್ಲ. ಮೂರು ಬರ್ನರಿನ ಗ್ರಿಲ್‌ನಲ್ಲಿ ಒಂದು ಬದಿಯ ಕಂಬಿಗಳ ಮೇಲೆ ದಪ್ಪ ಕಬ್ಬಿಣದ ಕಾವಲಿಯನ್ನಿಟ್ಟು ಕೆಳಗಿನ ಬರ್ನರನ್ನು ಹಚ್ಚಿದರೆ ಅದೇ ಪಕ್ಕದ ಒಲೆ. ಈರುಳ್ಳಿಯೂ ಬಾಡುತ್ತದೆ, ಅಕ್ಕಿ ರೊಟ್ಟಿಯೂ ಬೇಯುತ್ತದೆ. ಉಳಿದ ಹಣವನ್ನು ದಪ್ಪ ಕಂಬಿ ಮತ್ತು ತೂಕದ ಮುಚ್ಚಳವಿರುವ ಗ್ರಿಲ್‌ಗೆ ಹಾಕುವುದು ಲೇಸು, ಏಕೆಂದರೆ ಕಾವನ್ನು ಹಿಡಿದಿಡುವುದು ಅವೆರಡೇ. ದೊಡ್ಡ ಅಡುಗೆಯ ಅಗತ್ಯವಿರುವವರು ಗಟ್ಟಿಯಾದ ಕಾಲಿನ ಪ್ರತ್ಯೇಕ ಒಲೆಯನ್ನು ಕೊಂಡರೆ ಮದುವೆ, ಮುಂಜಿಗೂ ಬಳಕೆಗೆ ಬರುತ್ತದೆ. ಕೆಲವು ದುಬಾರಿ ಗ್ರಿಲ್‌ಗಳಲ್ಲಿ ಪಕ್ಕದ ಒಲೆಯ ಜಾಗದಲ್ಲಿ ಸೆರಾಮಿಕ್ ಬಿಲ್ಲೆ ಕೆಂಪಗೆ ಕಾಯುವ ಇನ್‌ಫ್ರಾರೆಡ್ ಬರ್ನರ್ ಇರುತ್ತದೆ. ಅದು ಮಾಂಸದ ಹೊರಮೈಯನ್ನು ಬೇಗ ಕಂದಿಸಲು ಮಾಡಿದ್ದು. ನೀರು ತಾಗಿದರೆ ಬಿಲ್ಲೆ ಬಿರುಕು ಬಿಡುವ ಭಯವಿರುವುದರಿಂದ ನಮ್ಮ ಮಳೆಯ ಊರಿಗೆ ಅದನ್ನು ನಾನು ಹೇಳಲಾರೆ.

ಅನಿಲದ ವಿಷಯದಲ್ಲಿ ಎಚ್ಚರ ಅಗತ್ಯ. ನಮ್ಮ ಮನೆಬಳಕೆಯ ರೆಗ್ಯುಲೇಟರ್ ಸುಮಾರು 30 ಮಿಲಿಬಾರ್ ಒತ್ತಡದಲ್ಲಿ ಅನಿಲವನ್ನು ಬಿಡುತ್ತದೆ, ಬರ್ನರಿನ ಜೆಟ್ಟಿನ, ಅಂದರೆ ಅನಿಲ ಚಿಮ್ಮುವ ಮೂತಿಯ, ರಂಧ್ರವೂ ಅದಕ್ಕೆ ಹೊಂದಬೇಕು. ಹೊರದೇಶದಿಂದ ಬಂದ ಗ್ರಿಲ್ಲಾದರೆ ಅದರ ತಗಡಿನ ಪಟ್ಟಿಯಲ್ಲಿ ಎಷ್ಟು ಒತ್ತಡವೆಂದು ಬರೆದಿದೆ ಎಂಬುದನ್ನು ಓದದೆ ಸಿಲಿಂಡರಿಗೆ ಸೇರಿಸಬೇಡಿ. ಮೂರು ಬರ್ನರುಗಳ ಜೊತೆಗೆ ಪಕ್ಕದ ಒಲೆಯನ್ನೂ ಹಚ್ಚಿದರೆ ಒಂದೇ ಸಿಲಿಂಡರಿನಿಂದ ಅನಿಲ ವೇಗವಾಗಿ ಹೊರಬರುತ್ತದೆ. ಚಳಿಯ ರಾತ್ರಿಯಲ್ಲಿ ಸಿಲಿಂಡರಿನ ಮೈ ತಣ್ಣಗಾಗಿ, ಹೊರಗೆ ನೀರಿನ ಹನಿ ಕಟ್ಟಿ, ಉರಿ ಕುಗ್ಗುವುದು ಇದರಿಂದಲೇ. ಆಗ ಒಂದೆರಡು ಬರ್ನರನ್ನು ಆರಿಸಬೇಕೇ ಹೊರತು ಸಿಲಿಂಡರಿಗೆ ಬಿಸಿ ತಾಗಿಸಬಾರದು. ಹೋಂಸ್ಟೇ ನಡೆಸುವವರು 14.2 ಕಿಲೋದ ಮನೆಬಳಕೆಯ ಸಿಲಿಂಡರನ್ನು ಅತಿಥಿಗಳ ಅಡುಗೆಗೆ ಬಳಸುವುದು ನಿಯಮಕ್ಕೆ ವಿರುದ್ಧ. ಅವರಿಗೆ 19 ಕಿಲೋದ ವಾಣಿಜ್ಯ ಸಿಲಿಂಡರ್ ಇದೆ.

ಅನೇಕ ಪಕ್ಕದ ಒಲೆಗಳಲ್ಲಿ ಉರಿ ಆರಿದೊಡನೆ ಅನಿಲವನ್ನು ತಡೆಯುವ ಸಾಧನವಿರುವುದಿಲ್ಲ. ಗಾಳಿಗೆ ಉರಿ ಆರಿದರೆ ಅನಿಲ ಹೊರಬರುತ್ತಲೇ ಇರುತ್ತದೆ, ಅದು ಗಾಳಿಗಿಂತ ಭಾರವಾದ್ದರಿಂದ ತಗ್ಗಿನಲ್ಲಿ, ಚರಂಡಿಯಲ್ಲಿ ಸೇರಿಕೊಳ್ಳುತ್ತದೆ. ಆದುದರಿಂದ ಪಾತ್ರೆಯಿಟ್ಟು ಮಾತಿಗೆ ಕೂರಬೇಡಿ. ಮಳೆ ಬಂತೆಂದು ಗ್ರಿಲ್ಲನ್ನು ಜಗಲಿಗೆ ಎಳೆದುಕೊಂಡು ಹಚ್ಚುವುದಂತೂ ಬೇಡವೇ ಬೇಡ. ಮೇಲಿರುವುದು ಒಣಗಿದ ಮರದ ತೊಲೆ, ಒಳಗೆ ಹೊಗೆಯ ಜೊತೆಗೆ ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಪಕ್ಕದ ಒಲೆ ಇದ್ದರೆ ಅನಿಲದ ಜೋಡಣೆಯೂ ಒಂದು ಹೆಚ್ಚು, ಅಲ್ಲಿ ಆಗಾಗ ಸೋಪಿನ ನೊರೆ ಸವರಿ ಗುಳ್ಳೆ ಏಳುತ್ತದೆಯೇ ಎಂದು ನೋಡಿ. ಸೋರಿಕೆಯ ಅನುಮಾನವಿದ್ದರೆ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ 1906 ಸಂಖ್ಯೆಗೆ ಕರೆ ಮಾಡಿ.

ಈ ಒಲೆ ಹಾಳಾಗುವುದು ಬಳಸಿದ್ದರಿಂದಲ್ಲ, ಬಳಸದೆ ಬಿಟ್ಟಿದ್ದರಿಂದ. ಮೃಗಶಿರ ಮಳೆ ಹಿಡಿಯುವ ಮೊದಲೇ ಸಿಲಿಂಡರನ್ನು ಬಿಡಿಸಿ, ಬರ್ನರಿನ ಬಿಲ್ಲೆಯನ್ನು ತೆಗೆದು ಉಜ್ಜಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿ ಒಳಗಿಡಿ. ಗ್ರಿಲ್‌ಗೆ ಹೊದಿಸುವ ಹೊದಿಕೆ ನೆಲಕ್ಕೆ ತಾಗದಂತಿರಲಿ, ಇಲ್ಲವಾದರೆ ಒಳಗೆ ತೇವ ನಿಂತು ಬೋಲ್ಟುಗಳು ತುಕ್ಕು ಹಿಡಿಯುತ್ತವೆ. ಮಳೆ ಕಳೆದು ದೀಪಾವಳಿಯ ಹೊತ್ತಿಗೆ ಮತ್ತೆ ಹಚ್ಚುವ ಮೊದಲು ಅನಿಲ ಮತ್ತು ಗಾಳಿ ಬೆರೆಯುವ ಕೊಳವೆಯೊಳಗೆ ಸಣ್ಣ ಕುಂಚವನ್ನು ತೂರಿಸಿ ಎಳೆಯಿರಿ. ಜೇಡ ಬಲೆ ನೇಯ್ದಿರುತ್ತದೆ, ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿರುತ್ತದೆ. ಕೊಳವೆ ಕಟ್ಟಿಕೊಂಡಿದ್ದರೆ ಅನಿಲ ಹಿಂದಕ್ಕೆ ತಿರುಗಿ ನಾಬಿನ ಬಳಿಯೇ ಉರಿ ಹೊತ್ತಿಕೊಳ್ಳುತ್ತದೆ. ಹಚ್ಚಿದ ಮೇಲೆ ಉರಿ ನೀಲಿಯಾಗಿ, ಸುತ್ತಲೂ ಸಮನಾಗಿ ನಿಲ್ಲಬೇಕು. ಹಳದಿಯಾಗಿ ಕುಣಿಯುತ್ತಿದ್ದರೆ ಆರಿಸಿ, ತಣ್ಣಗಾಗಲು ಬಿಟ್ಟು, ಕೊಳವೆಯನ್ನು ಇನ್ನೊಮ್ಮೆ ಶುಚಿ ಮಾಡಿದ ನಂತರವೇ ಪಾತ್ರೆ ಇಡಿ.