ನಿದ್ರಾರೋಗದ ಮಾತ್ರೆ: ಹತ್ತು ದಿನ ಕೊಡುವ ಕ್ರಮ

ಶಿವಮೊಗ್ಗ ಸೀಮೆಯ ಹಕ್ಕಿಪಿಕ್ಕಿ ಕುಟುಂಬಗಳ ಹಲವರು ಗಿಡಮೂಲಿಕೆಯ ಎಣ್ಣೆ ಮಾರಲು ಗ್ಯಾಬೊನ್‌ನಂಥ ಆಫ್ರಿಕಾದ ದೇಶಗಳಿಗೆ ಹೋಗಿಬರುತ್ತಾರೆ. ತ್ಸೆತ್ಸೆ ನೊಣ ಹರಡುವ ನಿದ್ರಾರೋಗ ನಮ್ಮ ಮಲೆನಾಡಿನಲ್ಲಿಲ್ಲ. ಆದರೆ ಹಾಗೆ ಹೋಗಿಬಂದವರಲ್ಲಿ ಬಿಟ್ಟು ಬಿಟ್ಟು ಬರುವ ಜ್ವರ, ಹಗಲಿನ ತೂಕಡಿಕೆ, ಸ್ವಭಾವದ ಬದಲಾವಣೆ ಕಂಡರೆ ವೈದ್ಯರಿಗೆ ಪ್ರಯಾಣದ ವಿವರವನ್ನು ಮೊದಲು ಹೇಳಬೇಕು.

ಪರೀಕ್ಷೆಯಲ್ಲಿ ಗ್ಯಾಂಬಿಯೆನ್ಸೆ ಬಗೆಯ ರೋಗಾಣು ಖಚಿತವಾದ ಮೇಲೆ ಔಷಧಿಯ ಆಯ್ಕೆ. ಬೆನ್ನುಹುರಿಯ ದ್ರವದ ಒಂದು ಮೈಕ್ರೊಲೀಟರಿನಲ್ಲಿ ಬಿಳಿ ರಕ್ತಕಣಗಳು 100 ಅಥವಾ ಹೆಚ್ಚಿದ್ದರೆ ಆಸ್ಪತ್ರೆಯಲ್ಲಿ 7 ದಿನ ಎಫ್ಲಾರ್ನಿಥಿನ್ ಡ್ರಿಪ್, ಜೊತೆಗೆ 10 ದಿನ ನಿಫುರ್ಟಿಮಾಕ್ಸ್ ಮಾತ್ರೆ ಕೊಡುವುದೇ ಮೊದಲ ಆಯ್ಕೆ. ಉಳಿದವರಿಗೆ, 6 ವರ್ಷ ತುಂಬಿ 20 ಕಿಲೋ ತೂಕವಿದ್ದರೆ, ಫೆಕ್ಸಿನಿಡಜೋಲ್ ಮಾತ್ರೆ ಸಾಕು. ಇವು ಔಷಧಿ ಅಂಗಡಿಯಲ್ಲಿ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮೂಲಕ ಉಚಿತವಾಗಿ ಬರುತ್ತವೆ. ದನಗಳ ಸರ್ರಾ ರೋಗಕ್ಕೆ ಚುಚ್ಚುವ ಡಿಮಿನಾಜಿನ್ ಮಿದುಳಿಗೆ ಸರಿಯಾಗಿ ತಲುಪದು; ಅದನ್ನು ಮನುಷ್ಯರಿಗೆ ಕೊಡುವ ಯೋಚನೆಯನ್ನೇ ಮಾಡಬೇಡಿ.

ಎಡವುವುದು ಮುಂದಿನ ಹಂತದಲ್ಲಿ. 35 ಕಿಲೋ ಅಥವಾ ಹೆಚ್ಚು ತೂಕದವರಿಗೆ 600 ಮಿಲಿಗ್ರಾಂನ ಫೆಕ್ಸಿನಿಡಜೋಲ್ ಮಾತ್ರೆ ಮೊದಲ 4 ದಿನ ದಿನಕ್ಕೆ ಮೂರು, ಮುಂದಿನ 6 ದಿನ ಎರಡು, ಎಲ್ಲವೂ ಒಂದೇ ಸಲಕ್ಕೆ. ಕ್ಷಯದ ಮಾತ್ರೆಯನ್ನು ಖಾಲಿ ಹೊಟ್ಟೆಗೆ ನುಂಗಿಸಿ ರೂಢಿಯಾದವರು ಇದನ್ನೂ ಹಾಗೆಯೇ ಕೊಟ್ಟುಬಿಡುತ್ತಾರೆ. ಹಾಗೆ ಕೊಟ್ಟರೆ ರಕ್ತಕ್ಕೆ ಸೇರುವ ಔಷಧಿಯ ಪ್ರಮಾಣ ಬಹಳವಾಗಿ ಕುಗ್ಗಿ, ಮಿದುಳಿನಲ್ಲಿರುವ ರೋಗಾಣು ಉಳಿದುಬಿಡಬಹುದು. ಬಿಸ್ಕತ್ತು, ಚಹಾ, ತೆಳು ಗಂಜಿ ಊಟವಲ್ಲ. ಅನ್ನ, ಸಾರು, ಪಲ್ಯದ ಹೊಟ್ಟೆತುಂಬ ಊಟ ಮುಗಿದ ಕೂಡಲೇ, ದಿನವೂ ಒಂದೇ ವೇಳೆಗೆ ಕೊಡಿ. ನನ್ನ ಮಟ್ಟಿಗೆ ಮಧ್ಯಾಹ್ನದ ಊಟವೇ ಉತ್ತಮ, ಏಕೆಂದರೆ ರಾತ್ರಿ ರೋಗಿಯೂ ಆರೈಕೆಯವರೂ ಬಳಲಿರುತ್ತಾರೆ. ಮಾತ್ರೆಯನ್ನು ಕೈಗಿತ್ತು ಹೊರಟುಬಿಡಬೇಡಿ, ಎದುರಿಗೇ ಕುಳಿತು ನುಂಗಿದ್ದನ್ನು ನೋಡಿ. ದಿಂಬಿನಡಿ ಬಚ್ಚಿಟ್ಟ ಕ್ಷಯದ ಮಾತ್ರೆಗಳನ್ನು ಹಲವು ಮನೆಗಳಲ್ಲಿ ನಾನೇ ಹೆಕ್ಕಿದ್ದೇನೆ. ವಾಂತಿಯಾದರೆ ನೀವಾಗಿಯೇ ಇನ್ನೊಂದು ಮಾತ್ರೆ ಕೊಡದೆ ವೈದ್ಯರಿಗೆ ತಿಳಿಸಿ.

ತಲೆನೋವು, ನಿದ್ರೆಗೇಡು, ಕೈನಡುಕ ಬರಬಹುದು. ಮದ್ಯ ಪೂರ್ತಿ ನಿಷಿದ್ಧ.

ಹಳೆಯ ಮೆಲಾರ್ಸೊಪ್ರೋಲ್ ಪಾಷಾಣದಿಂದಾದ ಚುಚ್ಚುಮದ್ದು. ಪಡೆದವರಲ್ಲಿ ನೂರಕ್ಕೆ 5ರಿಂದ 10 ಮಂದಿಗೆ ಮಿದುಳಿನ ತೀವ್ರ ತೊಂದರೆ ಬರುತ್ತಿತ್ತು, ಅವರಲ್ಲಿ ಸುಮಾರು ಅರ್ಧ ಜನ ಸಾಯುತ್ತಿದ್ದರು. ಅದರ ಭಯದಿಂದ ಹೊಸ ಮಾತ್ರೆಯನ್ನು ಅರ್ಧಕ್ಕೆ ನಿಲ್ಲಿಸುವುದು ತಪ್ಪು. ಹತ್ತೂ ದಿನ ಮುಗಿಸಿ, ಮುಂದಿನ 24 ತಿಂಗಳಲ್ಲಿ ತೂಕಡಿಕೆ ಅಥವಾ ಜ್ವರ ಮರಳಿದರೆ ಅದೇ ವೈದ್ಯರ ಬಳಿ ಹಳೆಯ ಚೀಟಿಯೊಡನೆ ಹೋಗಿ.